ಮದರಾಸಿನ ಏಕಾದಶಿ

ಶ್ರೀ
ತಿರುವಲ್ಲಿಕ್ಕೇಣಿ, ಮದರಾಸು
ವಿಳಂಬಿ ಸಂವತ್ಸರ, ಆಷಾಢ ಶುದ್ಧ ಏಕಾದಶಿ, ಶುಕ್ರವಾರ
೨೭-೬-೧೯೫೮

ಚಿ. ಸೌ. ವಿಮಲೆಗೆ,

ಇವತ್ತು ಪ್ರಥಮೈಕಾದಶಿ, ನನಗೆ ನಿರಾಹಾರ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೊಳಾಯಿ ನೀರು ಹಿಡಿದೆ. ಐದು ಗಂಟೆಗೆ ನಿಂತುಬಿಡುತ್ತದೆ. ಬಾಗಿಲಿಗೆ ನೀರು ಚೆಲ್ಲಿ ರಂಗೋಲಿ ಇಟ್ಟು, ದೇವರ ಪಾತ್ರೆ ಬೆಳಗಿ, ತುಳಸಿಗೆ ಸುತ್ತು ಬಂದು, ತುಂಗೆಗೆ ಅವಲಕ್ಕಿ ಕಲಸಿ ಕೊಟ್ಟು ಶಾಲೆಗೆ ಕಳಿಸಿದೆ. ನಿನ್ನ ಅಪ್ಪಯ್ಯ ಎಂದಿನಂತೆ ಮೊದಲ ಬಸ್ಸಿಗೇ ಪ್ಯಾರೀಸ್ ಕಾರ್ನರಿನ ಹೋಟೆಲಿಗೆ ಹೋದರು. ತಾವು ಉಪವಾಸ ಇದ್ದುಕೊಂಡು ಊರಿಗೆಲ್ಲ ದೋಸೆ ಹುಯ್ಯುವ ಪುಣ್ಯ ಹೋಟೆಲಿನ ಅಡಿಗೆಯವರಿಗಲ್ಲದೆ ಇನ್ನು ಯಾರಿಗುಂಟು!

ಇನ್ನು ವಿಷಯ. ತುಂಗೆಯ ಶಾಲೆಗೆ ಈ ವರ್ಷ ಕೌಸಲ್ಯಾ ಎಂಬ ಹೊಸ ಲೆಕ್ಕದ ಟೀಚರು ಬಂದಿದ್ದಾರೆ. ಮೈಸೂರು ಕಡೆಯವರು, ತಂದೆ ರೈಲ್ವೆಯಲ್ಲಿದ್ದು ಇಲ್ಲಿ ನೆಲೆಸಿದ್ದಂತೆ. ಕನ್ನಡ ಚೆನ್ನಾಗಿ ಓದಿ ಬರೆಯುತ್ತಾರೆ. ವಯಸ್ಸು ಮೂವತ್ತು ದಾಟಿರಬೇಕು. ಕೊರಳಲ್ಲಿ ಕರಿಮಣಿ ಕಾಣಲಿಲ್ಲ, ನಾನು ಕೇಳಲೂ ಇಲ್ಲ. ಮೊನ್ನೆ ಮಂಗಳವಾರ ಸಂಜೆ ನೇರ ನಮ್ಮ ಮನೆಗೇ ಬಂದರು. ಏಳು, ಎಂಟನೆಯ ತರಗತಿಗಳಿಂದ ಲೆಕ್ಕದಲ್ಲಿ ಬಹಳ ಚುರುಕಾದ ಆರು ಹುಡುಗಿಯರನ್ನು ಆರಿಸಿ, ಶನಿವಾರ ಮಧ್ಯಾಹ್ನ ಅವರಿಗೆ ಮಾತ್ರ ಬೇರೆ ಪಾಠ ಮಾಡುತ್ತಾರಂತೆ. ಆರರಲ್ಲಿ ನಿನ್ನ ಮಗಳೂ ಒಬ್ಬಳು.

"ಎಂಥ ಪಾಠ?" ಎಂದು ಕೇಳಿದೆ.

"ಪುಸ್ತಕದಲ್ಲಿ ಇಲ್ಲದ್ದು."

"ಪರೀಕ್ಷೆಗೆ ಬರ್ತದಾ?"

"ಬರೋಲ್ಲಮ್ಮ."

"ಮತ್ತೆ ಎಂತಕ್ಕೆ?"

ಅವರು ನಕ್ಕರು. "ನಾನು ಬೋರ್ಡಿನ ಮೇಲೆ ಪ್ರಶ್ನೆ ಬರೆದು ಮುಗಿಸೋದರೊಳಗೆ ನಿಮ್ಮ ತುಂಗಾ ಉತ್ತರ ಬರೆದಿಟ್ಟು ಕಿಟಕಿ ನೋಡ್ತಾ ಕೂತಿರ್ತಾಳೆ. ಹಸಿದ ಮಗೂನ ಎಲೆ ಮುಂದೆ ಕೂಡಿಸಿ ಬಡಿಸದೆ ಇದ್ದ ಹಾಗಾಗುತ್ತೆ ನನಗೆ," ಎಂದರು.

ಆ ಪಾಠದ ರೀತಿಯೇ ಬೇರೆಯಂತೆ. ಉತ್ತರ ಬರೇ ಹೇಳಿದರೆ ಸಾಲದು, ಅದು ಹೇಗೆ ಗೊತ್ತಾಯಿತು ಎಂದು ಹೇಳಬೇಕಂತೆ. ಉಳಿದ ಐವರು ಅದನ್ನು ಕೆಡವಲು ನೋಡಬೇಕಂತೆ. ಕಳೆದ ವಾರ ಎಲ್ಲರಿಗೂ, "ಮನೆಯಲ್ಲಿ ಹತ್ತರ ಲೆಕ್ಕದಲ್ಲಿ ನಡೆಯದ ವಸ್ತು ಒಂದನ್ನು ತನ್ನಿ" ಎಂದಿದ್ದರಂತೆ. ಒಬ್ಬಳು ಗಡಿಯಾರ ಒಯ್ದಳು, ಒಬ್ಬಳು ಅಡಿಕೋಲು ಒಯ್ದಳು. ನಿನ್ನ ಮಗಳು ದೇವರ ಕೋಣೆಯಿಂದ ಪಂಚಾಂಗ ಎತ್ತಿಕೊಂಡು ಹೋಗಿದ್ದಾಳೆ! ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಅರವತ್ತು ವಿಗಳಿಗೆ ಎಂದು ತೋರಿಸಲಿಕ್ಕೆ. ಮಡಿಯಿಲ್ಲ ಮೈಲಿಗೆಯಿಲ್ಲ, ಭೂಗೋಳದ ಪುಸ್ತಕದ ಜೊತೆ ಚೀಲದಲ್ಲಿ. ಟೀಚರು ಅದನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಹಿಂದೆ ತಂದುಕೊಟ್ಟರು. ಅದೊಂದು ನನಗೆ ಹಿಡಿಸಿತು.

ಆದರೆ ಮನಸ್ಸು ಒಪ್ಪುತ್ತಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ವಾದ ಮಾಡಲು ಕಲಿಸಿದರೆ ನಾಳೆ ಅತ್ತೆಮನೆಯಲ್ಲಿ ಗತಿಯೇನು? ಅಳಿಯಂದಿರಿಗೆ ಎರಡು ವರ್ಷಕ್ಕೊಂದು ಸ್ಟೇಷನ್ನಿಗೆ ವರ್ಗವಾಗುತ್ತದೆ, ಓದು ಕೆಡದಿರಲಿ ಎಂದು ನಮ್ಮಲ್ಲಿ ಬಿಟ್ಟಿದ್ದೀರಿ. ಮಗಳು ನಿಮ್ಮವಳು. ಹೂಂ ಅಥವಾ ಉಹೂಂ, ಒಂದು ಮಾತು ಬರೆ. ನಿನಗೂ ಲೆಕ್ಕ ಬರುತ್ತಿತ್ತು. ಅದಿರಲಿ.

ಇತಿ ನಿನ್ನ ಅಮ್ಮ,
ಚಂದ್ರಮತಿ


ಗುಂತಕಲ್ಲು
೪-೭-೧೯೫೮

ಅಮ್ಮನಿಗೆ ನಮಸ್ಕಾರ.

ಕಾಗದ ತಲುಪಿತು. ತುಂಗೆಯನ್ನು ಆ ಪಾಠಕ್ಕೆ ಸೇರಿಸು. ಇವರೂ ಒಪ್ಪಿದ್ದಾರೆ. ನಾಳೆಯ ಅತ್ತೆಮನೆಯ ಚಿಂತೆ ನಾಳೆಗಿರಲಿ.

'ನಿನಗೂ ಲೆಕ್ಕ ಬರುತ್ತಿತ್ತು' ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀ. ಎಷ್ಟು ಬರುತ್ತಿತ್ತು ಎಂಬುದು ನನಗೇ ಗೊತ್ತಿಲ್ಲ. ಗೊತ್ತಾಗುವ ಮೊದಲೇ ಅಪ್ಪಯ್ಯ ಶಾಲೆ ಬಿಡಿಸಿದರಲ್ಲ. ಹತ್ತೊಂಬತ್ತು ವರ್ಷದ ಹಿಂದಿನ ಮಾತು, ಈಗ ಯಾಕೆ.

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ಬಾವಿ ನೀರು ಉಪ್ಪು, ಬೇಳೆ ಬೇಯುವುದಿಲ್ಲ.

ನಿನ್ನ ಮಗಳು,
ವಿಮಲಾ


ಶ್ರೀ
ತಿರುವಲ್ಲಿಕ್ಕೇಣಿ
೧೩-೮-೧೯೫೮, ಬುಧವಾರ

ಚಿ. ಸೌ. ವಿಮಲೆಗೆ,

ಮೊದಲೇ ಹೇಳುತ್ತೇನೆ, ಹೆದರಬೇಡ. ತಲೆಗೆ ಮೂರು ಹೊಲಿಗೆ ಹಾಕಿದ್ದಾರೆ, ಅಷ್ಟೆ. ಎದ್ದು ಓಡಾಡುತ್ತಿದ್ದೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆಯುವುದು ಮೇಲು.

ಭಾನುವಾರ ಅಧಿಕ ಶ್ರಾವಣ ಬಹುಳ ಏಕಾದಶಿ. ಅಧಿಕ ಮಾಸದ ಏಕಾದಶಿ ಎಂದರೆ ಪುಣ್ಯ ಹೆಚ್ಚೆಂದು ನಮ್ಮ ಬೀದಿಯ ಹೆಂಗಸರೆಲ್ಲ ನಮ್ಮಲ್ಲಿ ಭಜನೆಗೆ ಸೇರಿದ್ದರು. ಎದುರು ಮನೆಯ ಜಯಲಕ್ಷ್ಮೀ ತಾಳ ತಂದಿದ್ದಳು. ತುಂಗೆ ಶನಿವಾರದ ಪಾಠದಿಂದ ಬಂದವಳೇ ಪಂಚಾಂಗ ಹಿಡಿದು ಕೂತಿದ್ದಳು, ರಾತ್ರಿ ಊಟಕ್ಕೂ ಸರಿಯಾಗಿ ಏಳಲಿಲ್ಲ. ಭಜನೆ ಸುರುವಾಗುವ ಹೊತ್ತಿಗೆ ಸ್ಲೇಟು ಎದೆಗಪ್ಪಿಕೊಂಡು ನಡುಮನೆಗೆ ಬಂದಳು.

"ಅಜ್ಜಿ, ಉಪವಾಸ ಇನ್ನೈಕ್ಕಿ ಇಲ್ಲೆ. ನಾಳೈಕ್ಕಿ."

ಅವಳ ಬಾಯಲ್ಲಿ ಅರ್ಧ ತಮಿಳೇ ಬರುವುದು, ನಿನಗೆ ಗೊತ್ತುಂಟಲ್ಲ. ಉಪವಾಸ ಇವತ್ತಲ್ಲ, ನಾಳೆ ಎಂದಳು. ಜಯಲಕ್ಷ್ಮೀ ತಾಳ ನಿಲ್ಲಿಸಿ, "ಎಂತ ಹೇಳ್ತದೆ ಕೂಸು?" ಎಂದು ಕೇಳಿದಳು. ಮಗು ಹೆದರದೆ ಬಿಡಿಸಿ ಹೇಳಿತು. ಬೆಳಗಾಗುವ ನಾಲ್ಕು ಗಳಿಗೆ ಮುಂಚೆ ಅರುಣೋದಯ. ಆ ಹೊತ್ತಿಗೆ ದಶಮಿ ಇನ್ನೂ ಉಳಿದಿದ್ದರೆ ನಮ್ಮವರು ಆ ದಿನ ಉಪವಾಸ ಮಾಡದೆ ಮರುದಿನ ಮಾಡಬೇಕು, ಅಲ್ಲವೇ? ನಮ್ಮ ಪಂಚಾಂಗ ಉಡುಪಿಯ ಸೂರ್ಯೋದಯಕ್ಕೆ ಬರೆದದ್ದು. ಅಲ್ಲಿ ಅರುಣೋದಯಕ್ಕೆ ಅರ್ಧ ಗಳಿಗೆ ಮೊದಲೇ ದಶಮಿ ಮುಗಿದಿದೆ. ಆದರೆ ಮದರಾಸು ಮೂಡಲಿಗೆ ಇರುವ ಊರು, ಇಲ್ಲಿ ಸೂರ್ಯ ಹೆಚ್ಚುಕಡಿಮೆ ಒಂದು ಗಳಿಗೆ ಬೇಗ ಹುಟ್ಟುತ್ತಾನೆ, ಅರುಣೋದಯವೂ ಅಷ್ಟೇ ಬೇಗ. ಆಗ ದಶಮಿ ಮುಗಿದೇ ಇರುವುದಿಲ್ಲ.

ಜಯಲಕ್ಷ್ಮೀ ಮೊದಲು ನಕ್ಕಳು. "ನೋಡಿ ಮಾರಾಯ್ರೆ! ಉಡುಪಿಗೊಂದು ಏಕಾದಶಿ, ಮದರಾಸಿಗೊಂದು ಏಕಾದಶಿ. ನಾಳೆ ಇವಳು ಇಲ್ಲೇ ಪಕ್ಕದ ಪೋರೂರಿಗೊಂದು ಬೇರೆ ಮಾಡ್ತಾಳೆ."

ತುಂಗೆ ಸ್ವಲ್ಪ ಯೋಚಿಸಿ, "ಪೋರೂರಿಗೆ ಬರೀ ಒಂದು ವಿಗಳಿಗೆ ಮಾಮಿ, ಪರವಾಗಿಲ್ಲ," ಎಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಸೋಮವಾರ ಬೆಳಿಗ್ಗೆ ದ್ವಾದಶಿಯ ಪಾರಣೆಗೆ ಎಲೆ ಹಾಕಿಕೊಂಡು ಕೂತೆ, ಕೈ ಬಾಯಿಗೆ ಹೋಗಲಿಲ್ಲ. ಮಗು ಹೇಳಿದ್ದು ಸುಳ್ಳಾದರೆ ಪಾರಣೆ ತಪ್ಪಿಸಿದ ದೋಷ. ನಿಜವಾದರೆ ಏಕಾದಶಿಯ ದಿನ ಅನ್ನ ಉಂಡ ದೋಷ. ಯಾವುದು ದೊಡ್ಡದೆಂದು ಯಾರನ್ನು ಕೇಳಲಿ? ಎಲೆ ಎತ್ತಿ ದನಕ್ಕೆ ಹಾಕಿ, ಉಂಡೆನೆಂದು ಅಪ್ಪಯ್ಯನಿಗೆ ಹೇಳಿದೆ. ಎರಡು ದಿನವೂ ನೀರು ಮುಟ್ಟಲಿಲ್ಲ. ಮಂಗಳವಾರ ಕೊಳಾಯಿಯ ಹತ್ತಿರ ಕೊಡ ಎತ್ತುವಾಗ ಕಣ್ಣು ಕತ್ತಲೆ ಬಂತು. ಮೊದಲು ನೋಡಿದ್ದು ತುಂಗೆ. "ನಾನು ಹೇಳಿದ್ದಕ್ಕಾ ಅಜ್ಜಿ? ನಾನು ಹೇಳಿದ್ದಕ್ಕಾ?" ಎಂದು ಕೂಗುತ್ತಿದ್ದದ್ದು ಮಾತ್ರ ನನಗೆ ಕೇಳಿತು.

ಅಪ್ಪಯ್ಯನಿಗೆ ಎಲ್ಲ ಗೊತ್ತಾಯಿತು. ಶನಿವಾರದ ಪಾಠ ಬಿಡಿಸಿದ್ದಾರೆ. ನಾನು ಎದುರು ಹೇಳಲಿಲ್ಲ.

ನಾವು ಮದರಾಸಿಗೆ ಬಂದು ಇಪ್ಪತ್ತೆರಡು ವರ್ಷ. ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿ. ಅದರಲ್ಲಿ ಎಷ್ಟನ್ನು ತಪ್ಪು ದಿನ ಮಾಡಿದೆನೋ! ತುಂಗೆಯನ್ನು ಕೇಳಿದರೆ ಹೇಳಿಯಾಳು. ಕೇಳಲು ಧೈರ್ಯವಿಲ್ಲ.

ನಿನ್ನ ಅಮ್ಮ,
ಚಂದ್ರಮತಿ


ಗುಂತಕಲ್ಲು
೧೯-೮-೧೯೫೮

ಅಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ನಿದ್ದೆಯಿಲ್ಲ. ಇವರಿಗೆ ರಜೆ ಸಿಗುವುದಿಲ್ಲ, ಒಬ್ಬಳೇ ಹೊರಡಲು ಇವರು ಬಿಡುವುದಿಲ್ಲ. ಹೊಲಿಗೆ ಬಿಚ್ಚುವವರೆಗೆ ಕೊಡ ಎತ್ತಬೇಡ, ಕೈ ಮುಗಿಯುತ್ತೇನೆ.

ಒಂದು ಮಾತು ಕೇಳಬೇಕು. ನಿನ್ನೆ ಅಪ್ಪಯ್ಯನ ಕಾರ್ಡು ಬಂತು. ನಿನ್ನ ಗಾಯದ ಬಗ್ಗೆ ಬರೆದಿದ್ದಾರೆ, ನಿನಗೆ ಬೈದದ್ದನ್ನೂ ಬರೆದಿದ್ದಾರೆ. ಕೊನೆಗೆ, "ತುಂಗೆ ಶನಿವಾರದ ಪಾಠಕ್ಕೆ ಯಾಕೆ ಹೋಗಲಿಲ್ಲವೋ ತಿಳಿಯದು, ಕೇಳಿದರೆ ಅಳುತ್ತಾಳೆ" ಎಂದಿದ್ದಾರೆ.

ಪಾಠ ಬಿಡಿಸಿದ್ದು ಯಾರು ಅಮ್ಮ?

ವಿಮಲಾ


ಶ್ರೀ
ತಿರುವಲ್ಲಿಕ್ಕೇಣಿ
೨೦-೯-೧೯೫೮, ಶನಿವಾರ

ಚಿ. ಸೌ. ವಿಮಲೆಗೆ,

ಒಂದು ತಿಂಗಳು ಬರೆಯಲಿಲ್ಲ. ಗಾಯ ಮಾಗಿದೆ. ನೀನು ಕೇಳಿದ್ದಕ್ಕೆ ಉತ್ತರ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಅದಕ್ಕಿಂತ ದೊಡ್ಡ ಸಂಕಟ.

ತುಂಗೆಯ ಮೂರು ತಿಂಗಳ ಪರೀಕ್ಷೆ ಮುಗಿಯಿತು. ಲೆಕ್ಕದಲ್ಲಿ ನಲವತ್ತೊಂದು. ಓದಿದೆಯಲ್ಲ? ನಲವತ್ತೊಂದು. ನಲವತ್ತಕ್ಕೆ ಪಾಸು. ಹೋದ ವರ್ಷ ನೂರಕ್ಕೆ ನೂರು ತಂದವಳು. ಮೈಗೆ ಹುಷಾರಿಲ್ಲವೋ, ದೃಷ್ಟಿ ತಾಗಿತೋ ಎಂದು ಉಪ್ಪು ನಿವಾಳಿಸಿದೆ.

ಗುರುವಾರ ಕೌಸಲ್ಯಾ ಟೀಚರು ಉತ್ತರ ಪತ್ರಿಕೆಯನ್ನೇ ಹಿಡಿದುಕೊಂಡು ಬಂದರು. ಬಾಗಿಲಲ್ಲೇ, "ಒಳಗೆ ಬರಬಹುದಾ?" ಎಂದು ಕೇಳಿದರು. ಪಾಠ ಬಿಡಿಸುವ ಚೀಟಿ ಹೋದ ಮೇಲೆ ಅವರು ಬಂದದ್ದು ಅದೇ ಮೊದಲು. ನನಗೆ ಮುಖ ಎತ್ತಲಾಗಲಿಲ್ಲ. ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, "ಇಲ್ಲಿ ನೋಡಿ ಅಮ್ಮ," ಎಂದರು. ತಪ್ಪು ಉತ್ತರದ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಉಜ್ಜಿ ಅಳಿಸಿದ ಗುರುತು. ಕಾಗದ ತಗ್ಗು ಬಿದ್ದಿತ್ತು, ಅಂಕಿ ಕಾಣುತ್ತಿತ್ತು.

"ಅಳಿಸಿದ್ದೆಲ್ಲ ಸರಿ. ಅದರ ಮೇಲೆ ಶಾಯಿಯಲ್ಲಿ ಬರೆದದ್ದೆಲ್ಲ ತಪ್ಪು. ಪಾಸಾಗೋದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಸರಿ ಬಿಟ್ಟಿದ್ದಾಳೆ. ಹನ್ನೊಂದು ವರ್ಷದಿಂದ ಪಾಠ ಹೇಳ್ತಿದೀನಿ, ಇಷ್ಟು ಲೆಕ್ಕಾಚಾರವಾಗಿ ಯಾರೂ ತಪ್ಪಿದ್ದು ನೋಡಿಲ್ಲ."

ತುಂಗೆಯನ್ನು ಕರೆದೆ. ಕಂಬ ಹಿಡಿದು ನಿಂತಳು. "ಎಂತಕ್ಕೆ ಹೀಗೆ ಮಾಡಿದ್ದು ಹೆಣ್ಣೇ?" ಎಂದೆ. "ಸರಿ ಉತ್ತರ ಹೇಳಿದ್ರೆ ನೀವು ಬೀಳ್ತೀರಿ," ಎಂದಳು.

ಟೀಚರು ಎದ್ದು ಹೋಗಿ ಜಗಲಿಯಲ್ಲಿ ನಿಂತರು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನಾನು ಅಳಲಿಲ್ಲ. ನನಗೆ ಅಳುವಿಗಿಂತ ಹೆದರಿಕೆ ಹೆಚ್ಚಾಯಿತು. ನಮ್ಮ ಮನೆಯಲ್ಲಿ ಮಗು ಸುಳ್ಳು ಕಲಿತಿದೆ, ನಾನೇ ಕಲಿಸಿದ್ದು.

ಹೋಗುವಾಗ ಟೀಚರು ಹೇಳಿದ್ದು ಇಷ್ಟು. ಆರನೆಯ ಜಾಗವನ್ನು ಅವರು ತುಂಬಿಸದೆ ಇಟ್ಟಿದ್ದಾರೆ. ಹೆಡ್‌ಮಿಸ್ಟ್ರೆಸ್ಸು ಇನ್ನು ಕಾಯುವುದಿಲ್ಲ ಎನ್ನುತ್ತಾರಂತೆ. ವಿಜಯದಶಮಿಯ ದಿನ ಹೊಸ ಪಾಠ ಸುರು. ಅದರೊಳಗೆ ಪೋಷಕರ ಒಪ್ಪಿಗೆ ಬರೆದು ಕೊಡಬೇಕು, ಇಲ್ಲದಿದ್ದರೆ ಜಾಗ ಬೇರೆ ಹುಡುಗಿಗೆ ಹೋಗುತ್ತದೆ. ಮೊಹರು ಹಾಕಿದ ಕಾಗದ ಕೊಟ್ಟು ಹೋಗಿದ್ದಾರೆ. ಇರುವುದು ಒಂದೇ, ಜೋಪಾನ ಎಂದಿದ್ದಾರೆ.

ಮಗು ಹೇಳಿದ ಏಕಾದಶಿ ಸರಿಯೋ ತಪ್ಪೋ ಎಂದು ತಿಳಿಯದೆ ಹೇಗೆ ಒಪ್ಪಲಿ? ಬಾರ್ಕೂರಿನ ವಿಷ್ಣುತೀರ್ಥಾಚಾರ್ಯರಿಗೆ ಲೆಕ್ಕವನ್ನೆಲ್ಲ ಬರೆದು ಕಳಿಸಿದ್ದೇನೆ. ಪಂಚಾಂಗ ಗುಣಿಸಬಲ್ಲವರು, ನಮ್ಮ ಮದುವೆಗೆ ಮುಹೂರ್ತ ಇಟ್ಟವರು. ಅವರು ಹೇಳಿದ ಹಾಗೆ ನಡೆಯುತ್ತೇನೆ.

ನಿನ್ನ ಅಮ್ಮ,
ಚಂದ್ರಮತಿ


ಶ್ರೀಃ
ಬಾರ್ಕೂರು
೧-೧೦-೧೯೫೮

ಸೌಭಾಗ್ಯವತಿ ಚಂದ್ರಮತಿಯಮ್ಮನವರಿಗೆ ಆಶೀರ್ವಾದಗಳು.

ಕಾಗದ ನೋಡಿದೆ. ಲೆಕ್ಕ ಸರಿಯಾಗಿದೆ. ಪಂಚಾಂಗದ ಕೊನೆಯ ಹಾಳೆಯಲ್ಲಿ ಊರೂರಿನ ಸೂರ್ಯೋದಯದ ವ್ಯತ್ಯಾಸಕ್ಕೆ ದೇಶಾಂತರ ಸಂಸ್ಕಾರ ಎಂದು ಒಂದು ಪಟ್ಟಿ ಇದೆ. ಮದರಾಸಿಗೆ ಐವತ್ತೈದು ವಿಗಳಿಗೆ. ಪರವೂರಿನವರು ಅದನ್ನು ನೋಡಿಯೇ ತಿಥಿ ಹಿಡಿಯಬೇಕು. ಯಾರೂ ನೋಡುವುದಿಲ್ಲ, ಅಚ್ಚು ಸಣ್ಣದು.

ಹಿಂದಿನ ಉಪವಾಸಗಳೆಲ್ಲ ವ್ಯರ್ಥವೇ ಎಂದು ಕೇಳಿದ್ದೀರಿ. ತಿಳಿಯದೆ, ಹಿರಿಯರ ಪಂಚಾಂಗವನ್ನು ನಂಬಿ ಮಾಡಿದ್ದಕ್ಕೆ ದೋಷವಿಲ್ಲ. ಆ ಚಿಂತೆ ಬಿಡಿ.

ಆದರೆ ಈ ವಿದ್ಯೆ ಹೆಣ್ಣುಮಕ್ಕಳ ಕೈಗೆ ಹೋಗತಕ್ಕದ್ದಲ್ಲ. ಆ ಪಾಠ ಬಿಡಿಸಿದ್ದು ಒಳ್ಳೆಯದಾಯಿತು. ಪುನಃ ಕಳಿಸಬೇಡಿ.

ವಿಷ್ಣುತೀರ್ಥಾಚಾರ್ಯ


ಶ್ರೀ
ತಿರುವಲ್ಲಿಕ್ಕೇಣಿ
೯-೧೦-೧೯೫೮, ಗುರುವಾರ

ಚಿ. ಸೌ. ವಿಮಲೆಗೆ,

ಬೆಳಿಗ್ಗೆ ಪಾರಣೆ ಮಾಡಿ ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆ ತುಂಬ ಉಂಡಿದ್ದೇನೆ, ಹೆದರಬೇಡ.

ಆಚಾರ್ಯರ ಕಾರ್ಡನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಓದು. ನಾನು ನಾಲ್ಕು ದಿನ ಓದಿದೆ. ಅವರ ಮಾತನ್ನು ನಾನು ಎಂದೂ ಮೀರಿದವಳಲ್ಲ. ಅವರು ಹೇಳಿದ ಹಾಗೆ ನಡೆಯುತ್ತೇನೆ ಎಂದು ನಿನಗೂ ಬರೆದಿದ್ದೆ. ಆದರೆ ವಿಮಲಾ, ಅವರು ಎರಡು ಮಾತು ಬರೆದಿದ್ದಾರೆ. ಲೆಕ್ಕ ಸರಿ ಎಂಬುದೊಂದು, ಲೆಕ್ಕ ಬೇಡ ಎಂಬುದೊಂದು. ಮೊದಲನೆಯದಕ್ಕೆ ಪಂಚಾಂಗದ ಹಾಳೆ ತೋರಿಸಿದ್ದಾರೆ. ಎರಡನೆಯದಕ್ಕೆ ಏನನ್ನೂ ತೋರಿಸಿಲ್ಲ. ಹೇಗೆ ಗೊತ್ತಾಯಿತು ಎಂದು ಹೇಳಿಲ್ಲ.

ಕೊನೆಯ ಹಾಳೆ ತೆಗೆದು ನೋಡಿದೆ. ಮದರಾಸು, ಐವತ್ತೈದು ವಿಗಳಿಗೆ. ಇಪ್ಪತ್ತೆರಡು ವರ್ಷ ಒಂದೊಂದು ಪಂಚಾಂಗವನ್ನೂ ದಿನಾ ಮುಟ್ಟಿ ನಮಸ್ಕರಿಸಿದೆ, ಒಂದರದ್ದೂ ಕೊನೆಯ ಹಾಳೆ ತಿರುಗಿಸಿರಲಿಲ್ಲ. ತುಂಗೆಗೆ ತೋರಿಸಿ, "ನೀನು ಹೇಳಿದ್ದೇ ಸರಿಯಂತೆ ಮಗಾ," ಎಂದೆ. "ಇಲ್ಲ ಅಜ್ಜಿ, ನಾನು ತಪ್ಪು ಮಾಡಿದ್ದೆ," ಎಂದು ಎದ್ದು ಹೋದಳು. ಪಾಠಕ್ಕೆ ಹೋಗು ಎಂದರೆ ಬೇಡ ಎನ್ನುತ್ತಾಳೆ. ಮುಖದಲ್ಲಿ ಏನೂ ಕಾಣಿಸುವುದಿಲ್ಲ. ನೀನು ಹೀಗೇ ನಿಂತಿರುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ಹೊಳೆಯಿತು, ನಾನೇ ಯಾಕೆ ಮಾಡಿ ನೋಡಬಾರದು? ಐಗಳ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳು, ಕೂಡುವ ಕಳೆಯುವ ಲೆಕ್ಕ ಮರೆತಿಲ್ಲ. ಅಡಿಗೆ ಮನೆಯ ನೆಲದ ಮೇಲೆ ರಂಗೋಲಿ ಹಿಟ್ಟಿನಲ್ಲಿ ಅಂಕಿ ಬರೆದೆ. ಆ ಭಾನುವಾರದ್ದೇ ಲೆಕ್ಕ. ಪಂಚಾಂಗದಲ್ಲಿ ದಶಮಿ ಶನಿವಾರದ ಸೂರ್ಯೋದಯದಿಂದ ಐವತ್ತೈದು ಗಳಿಗೆ ಮೂವತ್ತು ವಿಗಳಿಗೆ ಎಂದಿದೆ. ಅರುಣೋದಯ ಅರವತ್ತರಲ್ಲಿ ನಾಲ್ಕು ಕಳೆದು ಐವತ್ತಾರಕ್ಕೆ. ಇಲ್ಲಿ ಸೂರ್ಯ ಬೇಗ ಬರುತ್ತಾನೆ. ಬೇಗ ಎಂದರೆ ಕಡಿಮೆ. ಅದಕ್ಕೆ ಐವತ್ತೈದು ವಿಗಳಿಗೆ ಕಳೆದೆ. ಐವತ್ತನಾಲ್ಕು ಗಳಿಗೆ ಮೂವತ್ತೈದು ಬಂತು. ಅರುಣೋದಯಕ್ಕಿಂತ ಎಷ್ಟೋ ಮೊದಲು! ಹಾಗಾದರೆ ಭಾನುವಾರದ ಉಪವಾಸವೇ ಸರಿ, ಆಚಾರ್ಯರಿಗೂ ತಪ್ಪಿತು ಎಂದು ಬಾಯಿಬಿಟ್ಟು ಹೇಳಿಕೊಂಡೆ. ನಾಟಕವಲ್ಲ ವಿಮಲಾ, ನಿಜವಾಗಿಯೇ ಹಾಗೆ ಎಣಿಸಿದ್ದೆ.

ತುಂಗೆ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತುಟಿ ಕಚ್ಚಿಕೊಂಡಳು. ಒಳಗೆ ಹೋದಳು. ತಿರುಗಿ ಬಂದಳು. ಲಂಗದ ಚುಂಗು ತಿರುಚುತ್ತಾ ಒಂದು ಕಾಲಿನ ಮೇಲೆ ನಿಂತಳು. ಕೊನೆಗೆ ತಡೆಯಲಾಗಲಿಲ್ಲ ಅವಳಿಗೆ.

"ಅಯ್ಯೋ, ತಪ್ಪು ಅಜ್ಜಿ! ಕಳಿಯೂದಲ್ಲ, ಕೂಟ್ಟಣುಂ! ಕೂಡ್ಬೇಕು!"

"ಎಂತಕ್ಕೆ ಕೂಡೂದು? ಬೇಗ ಅಂದ್ರೆ ಕಡಿಮೆ ಅಲ್ವಾ?"

ಅವಳು ಹೇಳಿಕೊಡಲಿಲ್ಲ, ನೋಡು. ನನ್ನ ಎದುರು ಕುಕ್ಕರುಗಾಲಲ್ಲಿ ಕೂತು ನನ್ನನ್ನೇ ಕೇಳಿದಳು. "ಅಜ್ಜಿ, ನೀವು ಬೆಳಿಗ್ಗೆ ಒಂದು ಗಂಟೆ ಬೇಗ ಎದ್ರೆ, ಮಧ್ಯಾಹ್ನ ಊಟಕ್ಕೆ ಹೆಚ್ಚು ಹೊತ್ತು ಕಾಯ್ಬೇಕಾ, ಕಡಿಮೆ ಹೊತ್ತಾ?"

"ಹೆಚ್ಚು."

"ಊಟದ ಹೊತ್ತು ಬದಲಾಯ್ತಾ?"

"ಇಲ್ಲ."

"ಮದರಾಸಿನ ಸೂರ್ಯ ಬೇಗ ಎದ್ದಿದ್ದಾನೆ. ದಶಮಿ ಮುಗಿಯೂದನ್ನ ಅವನು ಕಾಯ್ತಾ ಇದ್ದಾನೆ. ಈಗ ಹೇಳಿ."

ನಾನು ಹಿಟ್ಟು ಒರೆಸಿ ಕೂಡಿದೆ. ಐವತ್ತಾರು ಗಳಿಗೆ ಇಪ್ಪತ್ತೈದು. ದಶಮಿ ಅರುಣೋದಯವನ್ನು ದಾಟಿತು. ಐವತ್ತು ವರ್ಷಕ್ಕೆ ಮೊದಲ ಸಲ ನನಗೆ ಒಂದು ವಿಷಯ ಯಾರೋ ಹೇಳಿದ್ದಕ್ಕಲ್ಲದೆ ತಾನಾಗಿ ಗೊತ್ತಾಯಿತು. ತುಂಗೆ ನನ್ನ ಮುಖವನ್ನೇ ನೋಡುತ್ತಿದ್ದಳು, ಬೀಳುತ್ತೇನೋ ಎಂದು. ನಾನು ಬೀಳಲಿಲ್ಲ. "ಇನ್ನೊಂದು ಹಾಕು ಹೆಣ್ಣೇ," ಎಂದೆ. ಅವಳು ಎರಡು ತಿಂಗಳ ಮೇಲೆ ನಕ್ಕಳು. ಸಂಜೆ ದೀಪ ಹಚ್ಚುವವರೆಗೆ ನೆಲವೆಲ್ಲ ಅಂಕಿ. ಅಪ್ಪಯ್ಯ ಬಂದವರು, "ಇವತ್ತು ಅಡಿಗೆ ಇದೇ ಏನು?" ಎಂದು ಕೇಳಿದರು.

ನೀನು ಆಗಸ್ಟಿನಲ್ಲಿ ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಪಾಠ ಬಿಡಿಸಿದ್ದು ನಾನು. ಅಪ್ಪಯ್ಯ ನನಗೆ ಬೈದರೇ ಹೊರತು ಪಾಠದ ಮಾತೆತ್ತಲಿಲ್ಲ. ಅಜ್ಜಯ್ಯ ಬೇಡ ಎಂದರು ಎಂದು ತುಂಗೆಗೆ ನಾನೇ ಹೇಳಿದೆ.

ಮೊದಲಿನ ಸಲವೂ ನಾನೇ. ನಿನಗೆ ಹದಿಮೂರು. ಮೈನೆರೆದು ಹೊರಗೆ ಕೂತ ಮೂರನೆಯ ದಿನ ನಿನ್ನ ಶಾಲೆಯ ಟೀಚರಮ್ಮ ಬಾಗಿಲಿಗೆ ಬಂದಿದ್ದರು, ಸೋಡಾಬುಡ್ಡಿ ಕನ್ನಡಕದವರು. ಈ ಹುಡುಗಿಯನ್ನು ಬಿಡಿಸಬೇಡಿ, ಕಾಲೇಜಿನವರೆಗೆ ಓದಬಲ್ಲಳು ಎಂದರು. ಮದುವೆ ನಿಶ್ಚಯವಾಗಿದೆ ಎಂದು ಸುಳ್ಳು ಹೇಳಿ ಕಳಿಸಿದೆ. ಅಪ್ಪಯ್ಯ ಊರಿಗೆ ಹೋಗಿದ್ದರು. ಬಂದ ಮೇಲೆ, ಅವಳೇ ಓದು ಸಾಕು ಎಂದಳು ಎಂದೆ. ನಿನಗೆ, ಅಪ್ಪಯ್ಯ ಸಾಕು ಎಂದರು ಎಂದೆ. ಇಬ್ಬರೂ ನನ್ನನ್ನು ನಂಬಿ ಒಬ್ಬರನ್ನೊಬ್ಬರು ಕೇಳಲೇ ಇಲ್ಲ.

ಯಾಕೆಂದು ಕೇಳಬೇಡ. ಹೆದರಿಕೆ ಎಂದು ಮಾತ್ರ ಗೊತ್ತು. ಬಾಯಿಲೆಕ್ಕದಲ್ಲಿ ನೀನು ನನ್ನನ್ನು ದಾಟಿ ಹೋದ ದಿನ ನನಗೆ ನೆನಪಿದೆ.

ಬೈದು ಬರೆದರೂ ಸರಿ, ಬರೆ.

ಚಂದ್ರಮತಿ


ಶ್ರೀ
ತಿರುವಲ್ಲಿಕ್ಕೇಣಿ
೧೮-೧೦-೧೯೫೮, ಶನಿವಾರ

ಕೌಸಲ್ಯಾ ಟೀಚರವರಿಗೆ ತುಂಗೆಯ ಅಜ್ಜಿ ಚಂದ್ರಮತಿಯ ನಮಸ್ಕಾರಗಳು.

ತುಂಗಾ ನಿನ್ನೆಯಿಂದ ಶಾಲೆಗೆ ಬಂದಿಲ್ಲ. ಜ್ವರವಲ್ಲ. ನಿನ್ನೆ ಬೆಳಿಗ್ಗೆ ದೊಡ್ಡವಳಾದಳು. ನಮ್ಮ ಕ್ರಮದಂತೆ ಹೊರಗೆ ಕೂತಿದ್ದಾಳೆ. ಸೋಮವಾರ ನೀರು ಹಾಕಿ ಒಳಗೆ ಸೇರಿಸಿಕೊಳ್ಳುತ್ತೇವೆ, ವಿಜಯದಶಮಿ ಬುಧವಾರ.

ಬೀದಿಯವರೆಲ್ಲ ಬಂದು ಅರಿಶಿನ ಕುಂಕುಮ ಕೊಟ್ಟು ಹೋಗುತ್ತಿದ್ದಾರೆ. ಎದುರು ಮನೆಯ ಜಯಲಕ್ಷ್ಮೀ, "ಇನ್ನೇನು, ಶಾಲೆ ಬಿಡಿಸ್ತೀರಲ್ಲ?" ಎಂದು ಕೇಳಿದಳು. "ನೋಡುವ," ಎಂದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಾನು ಎಂಥವಳು ಎಂದು ನಿಮಗೆ ತಿಳಿದಿರಲಿ ಎಂದು ಇದನ್ನು ಬರೆದೆ.

ಗುಂತಕಲ್ಲಿನಲ್ಲಿರುವ ನನ್ನ ಮಗಳಿಗೆ ಬರೆದ ಕಾಗದಕ್ಕೆ ಒಂಬತ್ತು ದಿನವಾದರೂ ಉತ್ತರವಿಲ್ಲ. ಅವಳು ಮಾತಾಡುವವರೆಗೆ ಕಾದರೆ ದಿನ ಮೀರುತ್ತದೆ. ನಮ್ಮ ಯಜಮಾನರನ್ನು ಕೇಳಿದೆ, "ನೀನೇ ಸಾಕಿದ್ದು, ನೀನೇ ಬರೆ," ಎಂದರು. ಒಪ್ಪಿಗೆ ಪತ್ರದಲ್ಲಿ ಪೋಷಕರು ಎಂದಿರುವ ಕಡೆ ನನ್ನ ಹೆಸರನ್ನು ನಾನೇ ಬರೆದಿದ್ದೇನೆ. ಅಕ್ಷರ ಸೊಟ್ಟಗಾಗಿದೆ, ಓದಲು ಬರುತ್ತದೆ.

ಹೊರಗೆ ಕೂತವಳು ಪಂಚಾಂಗ ಮುಟ್ಟುವಂತಿಲ್ಲ. ನಾನು ನಡುಮನೆಯ ಹೊಸ್ತಿಲಲ್ಲಿ ಕೂತು ಅಂಕಿ ಓದಿ ಹೇಳುತ್ತೇನೆ, ಅವಳು ಅಲ್ಲಿ ಮೂಲೆಯಲ್ಲಿ ಸ್ಲೇಟಿನ ಮೇಲೆ ಬರೆದುಕೊಳ್ಳುತ್ತಾಳೆ. ವರ್ಷದ ಏಕಾದಶಿಗಳನ್ನೆಲ್ಲ ಮದರಾಸಿಗೆ ತಿದ್ದುತ್ತಿದ್ದಾಳೆ. ಇಲ್ಲಿವರೆಗೆ ಹದಿನಾಲ್ಕು ಆಯಿತು. ನಾನು ಒಂದು ಅಂಕಿ ತಪ್ಪಿ ಓದಿದರೆ ಅಲ್ಲಿಂದಲೇ ಕೂಗುತ್ತಾಳೆ.

ಒಪ್ಪಿಗೆ ಪತ್ರ ಒಂದೇ ಇರುವುದೆಂದು ಹೇಳಿದ್ದಿರಿ, ಹಬ್ಬದ ಗಡಿಬಿಡಿಯಲ್ಲಿ ಅಂಚೆಗೆ ಹಾಕಲು ಧೈರ್ಯವಿಲ್ಲ. ಮಗುವನ್ನು ಬಿಟ್ಟು ನಾನು ಬರುವಂತಿಲ್ಲ. ಯಜಮಾನರಿಗೆ ಹೋಟೆಲಿನಲ್ಲಿ ಪೂಜೆಯ ಕೆಲಸ, ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಬರುತ್ತಾರೆ. ಇನ್ನೂ ಒಂದು ಕಾರಣ ಉಂಟು, ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇಂಥದೇ ಮೂರನೆಯ ದಿನ ನನ್ನ ಮನಸ್ಸು ಕೆಟ್ಟಿತ್ತು. ನಾಳೆ ಮೂರನೆಯ ದಿನ. ಕಾಗದ ಮನೆಯಲ್ಲಿ ಇರುವಷ್ಟು ಹೊತ್ತೂ ನನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಈ ಕಾಗದವನ್ನು ಹೋಟೆಲಿನ ಕಾಂತಪ್ಪ ಸಂಜೆ ನಿಮ್ಮ ಬಾಗಿಲಿಗೆ ಹಾಕಿ ತನ್ನ ಊರಿನ ರೈಲಿಗೆ ಹೋಗುತ್ತಾನೆ. ಮರೆವಿನ ಮನುಷ್ಯ, ಇದು ಕಳೆದರೆ ಇನ್ನೊಂದು ಬರೆದೇನು, ಒಪ್ಪಿಗೆ ಪತ್ರವನ್ನು ಮಾತ್ರ ಅವನ ಕೈಲಿ ಕೊಡಲಾರೆ. ಇದು ತಲುಪಿದ ಕೂಡಲೇ ಯಾರನ್ನಾದರೂ ಕಳಿಸಿ ಅದನ್ನು ತರಿಸಿಕೊಳ್ಳಿ. ಬಂದವರು ಬಾಗಿಲು ತಟ್ಟಿ, ನಾನು ಏನು ಹೇಳಿದರೂ ಕೇಳದೆ ತೆಗೆದುಕೊಂಡು ಹೋಗಲಿ.

ಇತಿ,
ಚಂದ್ರಮತಿ